ಆರು ಶನಿವಾರದ ಶುಗರ್-ಕಿಡ್ನಿ ಕ್ಲಾಸು: ಐದಕ್ಕೆ ಮೂರೂವರೆ ಸ್ಟಾರ್

ಶುಗರ್ ಬಂದು ಹನ್ನೊಂದು ವರ್ಷ ಆಯ್ತು, ಹೋದ ಮಳೆಗಾಲದಲ್ಲಿ ಡಾಕ್ಟ್ರು ಮೂತ್ರದ್ದು ಎಸಿಆರ್ ಅಂತ ಒಂದು ಟೆಸ್ಟ್ ಬರೆದ್ರು, ಕಿಡ್ನಿಯಿಂದ ಮೂತ್ರಕ್ಕೆ ಪ್ರೋಟೀನ್ ಎಷ್ಟು ಸೋರ್ತಿದೆ ಅಂತ ನೋಡೋದು, 86 ಬಂತು. 30ರ ಒಳಗಿರ್ಬೇಕಂತೆ, 300 ದಾಟಿದ್ರೆ ಜೋರಾಗಿದೆ ಅಂತ ಲೆಕ್ಕ, ನಾನು ನಡುವೆ. ಕಿಡ್ನಿಗೆ ಅಂತ ರಕ್ತದಲ್ಲಿ ನೋಡೋ ಕ್ರಿಯಾಟಿನಿನ್ ನಾರ್ಮಲ್ಲು, ಕಾಲು ಊದಿಲ್ಲ ಏನಿಲ್ಲ, ನಂಬಕ್ಕೇ ಆಗ್ಲಿಲ್ಲ. ಶಿವಮೊಗ್ಗದಲ್ಲಿ ಒಂದು ಕಡೆ ಆರು ವಾರ ಕ್ಲಾಸ್ ಮಾಡ್ತಾರೆ, ನಿಮ್ಮನ್ನ ನೀವೇ ನೋಡ್ಕೊಳೋದು ಕಲಿಸ್ತಾರೆ, ಹೋಗ್ಬನ್ನಿ ಅಂದ್ರು. ಹೆಸರು ಹಾಕಲ್ಲ, ಬೈಯೋದೂ ಇದೆ.

ಎರಡನೇ ವಾರಕ್ಕೆ, ಮನೇಲಿ ಒಂದೂಟಕ್ಕೆ ಬಡಿಸ್ಕೊಳೋವಷ್ಟು ಉಪ್ಪಿನಕಾಯಿ ಡಬ್ಬಿಲಿ ತನ್ನಿ ಅಂದಿದ್ರು. ನಾನು ಅಪ್ಪೆಮಿಡಿ ಎರಡು, ರಸದ ಸಮೇತ ತಗೊಂಡೋದೆ. ಡಯಟಿಷಿಯನ್ ಹುಡುಗಿ ಟೀ ಚಮಚದಲ್ಲಿ ಮಟ್ಟಸವಾಗಿ ಉಪ್ಪು ತಗೊಂಡು ಪೇಪರ್ ಮೇಲೆ ಸುರಿದು, ಇದು 5 ಗ್ರಾಮ್, ಸಾರು ಪಲ್ಯ ಮಜ್ಜಿಗೆ ಹಪ್ಪಳ ಎಲ್ಲ ಸೇರಿ ಇಡೀ ದಿನಕ್ಕೆ ಇಷ್ಟೇ ಅಂದ್ಲು. ಆಮೇಲೆ ನನ್ನ ಡಬ್ಬಿ ತೆಗೆದು ನೋಡಿದ್ಲು. ಏನೂ ಹೇಳ್ಲಿಲ್ಲ, ಮುಚ್ಚಳ ಹಾಕಿ ವಾಪಸ್ ಕೊಟ್ಲು. ಅಷ್ಟು ಸಾಕಾಯ್ತು ನಂಗೆ.

ಮಾತ್ರೆ ವಿಷಯ ಹೇಳಿದ್ದೂ ಬಾಳ ಉಪಯೋಗ ಆಯ್ತು. ಅಡಿಕೆ ಕೊಯ್ಲಲ್ಲಿ ಸೊಂಟ ಹಿಡ್ಕೊಂಡ್ರೆ ಮೆಡಿಕಲ್ಲಲ್ಲಿ ಡೈಕ್ಲೋಫೆನಾಕ್ ಕೇಳಿ ನುಂಗೋದು ನಮ್ಮ ಕಡೆ ಮಾಮೂಲು, ಅದು ಕಿಡ್ನಿಗೆ ಹೊಡೆತ ಅಂತ ಇಷ್ಟು ವರ್ಷದಲ್ಲಿ ಯಾರೂ ಹೇಳಿರ್ಲಿಲ್ಲ. ಟೆಲ್ಮಿಸಾರ್ಟಾನ್ ಬರೀ ಬಿಪಿಗಲ್ಲ, ಕಿಡ್ನಿ ಜರಡಿ ಒಳಗಿನ ಒತ್ತಡಾನೂ ಇಳಿಸುತ್ತೆ ಅಂತ ಗೊತ್ತಾಗಿದ್ದೂ ಅಲ್ಲೇ, ಅಲ್ಲಿತನಕ ತಲೆಸುತ್ತು ಇಲ್ದಿದ್ ದಿನ ಬಿಟ್ಬಿಡ್ತಿದ್ದೆ. ಬಿಪಿ ನೋಡೋ ಮುಂಚೆ ಐದು ನಿಮಿಷ ಬೆನ್ನು ಆನಿಸಿ ಮಾತಾಡ್ದೆ ಕೂರ್ಬೇಕಂತೆ. ಮಾತಾಡ್ದೆ ಕೂರೋದೇ ಕಷ್ಟ.

ಇನ್ನು ಬೈಗುಳ. ಒಂಬತ್ತೂವರೆ ಕ್ಲಾಸು ಹತ್ತೂವರೆಗೆ ಶುರು, ತೀರ್ಥಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಓಡಿ ಬಂದೋರ ಗತಿ ಏನು? ಚಾರ್ಟ್ ತುಂಬ ಓಟ್ಸು ಬ್ರೊಕೊಲಿ, ಕಡುಬು ಎಷ್ಟು ತಿನ್ಬೋದು ಅಂದ್ರೆ 'ಅವಾಯ್ಡ್ ಮಾಡಿ' ಅಂತ ಒಂದೇ ಮಾತು. ಹಿತ್ಲಲ್ಲಿ ಬೆಳೆಯೋ ದಾರೆಹುಳಿ (ಸ್ಟಾರ್ ಫ್ರೂಟ್) ಕಿಡ್ನಿ ಸೋತೋರಿಗೆ ವಿಷ ಇದ್ದಂಗೆ, ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ತನಕ ಹೋಗುತ್ತೆ, ಅದನ್ನ ಮೊದಲ ದಿನವೇ ಹೇಳ್ಬೇಕಿತ್ತು, ನಮ್ಮಲ್ಲೊಬ್ರು ಕೇಳಿದ್ಮೇಲೆ ಫೋನ್ ನೋಡಿ ಹೇಳಿದ್ರು. ಕ್ಲಾಸಿನವರ ಫೋನ್ ಆಪ್ ಪೂರ್ತಿ ಇಂಗ್ಲಿಷು.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು, 'ಪೇಷಂಟ್ ಮಾತ್ರ ಒಳಗೆ' ಅಂತ ನಮ್ಮನೆಯವಳನ್ನ ಹೊರಗೆ ಕೂರಿಸಿದ್ದು. ಉಪ್ಪು ಹಾಕೋಳು ಹೊರಗೆ, ಪಾಠ ಕೇಳೋನು ಒಳಗೆ! ಆರನೇ ವಾರ ಅವಳೇ ನುಗ್ಗಿ ಬಂದು ನನ್ನ ಪಕ್ಕ ಕೂತ್ಲು, ಯಾರೂ ಏಳಿಸೋ ಧೈರ್ಯ ಮಾಡ್ಲಿಲ್ಲ, ಅವತ್ತು ಪ್ರಶ್ನೆ ಎಲ್ಲ ಅವಳದ್ದೇ.