ಗ್ರೇ ಅಂತ ಹಚ್ಚಿಸಿದ್ದು ಗೋಡೆ ಮೇಲೆ ನೀಲಿಯಾಯಿತು

ಕಲಬುರಗಿಯ ನಮ್ಮ ಮನೆಗೆ ಶರಣಬಸವೇಶ್ವರ ಜಾತ್ರೆಗೆ ಮುಂಚೆ ಬಣ್ಣ ಹಚ್ಚಿಸಿದೆವು. ಒಳಗೆಲ್ಲ ಗ್ರೇ ಇರಲಿ ಅಂದವನು ನಾನೇ. ಶೇಡ್ ಕಾರ್ಡಿನಲ್ಲಿ ಎರಡು ಗ್ರೇ ಅಕ್ಕಪಕ್ಕ ಇದ್ದವು. ಎಷ್ಟು ನೋಡಿದರೂ ಫರಕು ಗೊತ್ತಾಗಲಿಲ್ಲ. "ಎರಡೂ ಒಂದೇ ಅವರೀ, ಯಾವುದಾದ್ರೂ ತಗೋರಿ" ಅಂದರು ಅಂಗಡಿಯವರು. ನಂಬಿ ಒಂದಕ್ಕೆ ಬೆರಳಿಟ್ಟೆ. 20 ಲೀಟರ್ ಬಕೆಟ್ ಬಣ್ಣ ಕಲಸುವ ಮಷೀನಿಗೆ ಹೋಯಿತು.

ಎರಡನೇ ಕೋಟ್ ಒಣಗಿದ ಸಂಜೆ ಟ್ಯೂಬ್‌ಲೈಟ್ ಹಾಕಿದೆವು. ಅವ್ವ ಬಾಗಿಲಲ್ಲೇ ನಿಂತಳು. "ಇದೇನಪಾ, ಬೂದಿ ಬಣ್ಣ ಅಂದಿದ್ದಿ, ನೀಲಿ ಹಚ್ಚಿಸೀದಿ?" ನಿಜವಾಗಿಯೂ ಪಡಸಾಲೆಯೆಲ್ಲ ನೀಲಿ ಕಾಣುತ್ತಿತ್ತು. ಅಂಗಡಿಗೆ ಓಡಿದೆ. ಕಲಸಿದ ಬಣ್ಣ ವಾಪಸ್ ತಗೊಳ್ಳಲ್ಲ ಅಂದರು. ಎರಡು ಗೋಡೆ ಪುನಃ ಬಳಿಸಬೇಕಾಯಿತು, ಕೂಲಿ ಬೇರೆ. ಹಬ್ಬದ ಮುಂದೆ ಅವ್ವನಿಗೆ ಆದ ಬೇಸರ ನನಗೆ ದುಡ್ಡಿಗಿಂತ ಜಾಸ್ತಿ ಚುಚ್ಚಿತು.

ಆಮೇಲೆ ಪೇಂಟರ್ ಬಿಡಿಸಿ ಹೇಳಿದರು. ಗ್ರೇ ಅಂದರೆ ಬರೀ ಬಿಳಿಗೆ ಕಪ್ಪು ಬೆರೆಸಿದ್ದಲ್ಲ. ಮಷೀನು ಅದಕ್ಕೆ ನೀಲಿ, ಹಳದಿ, ಕೆಂಪಿನ ಹನಿಗಳನ್ನೂ ಹಾಕುತ್ತದೆ. ಕಾರ್ಡಿನ ಬೆರಳಗಲದ ತುಂಡಿನಲ್ಲಿ ಆ ಹನಿ ಅಡಗಿರುತ್ತದೆ, ಹತ್ತಡಿ ಗೋಡೆಯಲ್ಲಿ ಎದ್ದು ಕಾಣುತ್ತದೆ. ನಮ್ಮ ಪಡಸಾಲೆಯ ಕಿಟಕಿ ಉತ್ತರಕ್ಕಿದೆ. ವರ್ಷದ ಬಹುಪಾಲು ಅಲ್ಲಿ ಬಿಸಿಲು ನೇರ ಬೀಳಲ್ಲ, ಆಕಾಶದ ನೀಲಿ ಬೆಳಕಷ್ಟೇ ಬರುತ್ತದೆ. ಇನ್ನು ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ಹೆದರಿ ಕಿಟಕಿ ಮುಚ್ಚಿ ಹಗಲಲ್ಲೂ ಲೈಟ್ ಹಾಕುವ ಊರು ನಮ್ಮದು, ಅಲ್ವಾ? ಆ ಲೈಟ್ 6500 ಕೆಲ್ವಿನ್‌ನದು (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ; ಹೆಚ್ಚಿದಷ್ಟು ನೀಲಿ, ಕಡಿಮೆಯಾದಷ್ಟು ಹಳದಿ), ಅದೂ ನೀಲಿಯ ಕಡೆಗೇ. ಕೆಳಗೆ ಹಳೆಯ ಶಹಾಬಾದ್ ಫರ್ಸಿ ಕಲ್ಲಿನ ನೆಲ, ತುಸು ಹಳದಿ ತಿರುಗಿದ್ದು. ಹಳದಿ ಪಕ್ಕದಲ್ಲಿ ನೀಲಿ ಇನ್ನಷ್ಟು ನೀಲಿಯಾಗಿ ಕಾಣುತ್ತದೆ.

ಹೀಗಾಗಿ ಯಾರ ಮಾತಿಗೂ ಸುಮ್ನೆ ಬಕೆಟ್ ಕಲಸಲು ಬಿಡಬೇಡಿ. ಮೊದಲು ಎರಡೂ ಶೇಡಿನ ಒಂದೊಂದು ಲೀಟರ್ ತನ್ನಿ. ಎರಡಡಿ ಅಗಲದ ದಪ್ಪ ರಟ್ಟಿಗೆ ಬಿಳಿ ಪ್ರೈಮರ್ ಮೇಲೆ ಎರಡು ಕೋಟ್ ಹಚ್ಚಿ, ಚೆನ್ನಾಗಿ ಒಣಗಿಸಿ. ಒದ್ದೆ ಬಣ್ಣ ನೋಡಿ ತೀರ್ಮಾನ ಬೇಡ. ರಟ್ಟನ್ನು ಗೋಡೆಗೆ ಒರಗಿಸಿ, ಬುಡ ನೆಲಕ್ಕೆ ತಾಗಲಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ, ಅಡಗಿದ ಬಣ್ಣ ತಕ್ಷಣ ಹೊರಬೀಳುತ್ತದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿ. ರಾತ್ರಿ ನಿಮ್ಮದೇ ಲೈಟಿನಲ್ಲಿ ತಪ್ಪದೇ ನೋಡಿ.

ನಾವು ಎರಡನೇ ಸಲ ತುಸು ಹಳದಿ ಬೆರೆತ ಗ್ರೇ ಹಾಕಿಸಿದೆವು, ಲೈಟನ್ನೂ 3000 ಕೆಲ್ವಿನ್‌ಗೆ ಬದಲಿಸಿದೆವು. ಬಕೆಟ್ ಮುಚ್ಚಳದ ಮೇಲಿನ ಶೇಡ್ ಕೋಡ್ ಚೀಟಿಯ ಫೋಟೋ ಈಗ ಅವ್ವನ ಫೋನಿನಲ್ಲೂ ಇದೆ.