18 ತುಂಬಿದ ಮಗನಿಗೆ ಯಾವ ಏರ್ಪಾಡು? ಇಂಗ್ಲೆಂಡಿನಲ್ಲಿ ನಾವು ಹತ್ತಿರದಿಂದ ನೋಡಿದ ನಾಲ್ಕು

ನಮ್ಮ ಮಗನಿಗೆ ಡೌನ್ ಸಿಂಡ್ರೋಮ್. ಇಂಗ್ಲೆಂಡಿನಲ್ಲಿ ಇಂಥ ಮಕ್ಕಳಿಗೆ 18 ತುಂಬುತ್ತಿದ್ದಂತೆ ಅವರ ಫೈಲು ಕೌನ್ಸಿಲಿನ (ಸ್ಥಳೀಯ ಆಡಳಿತದ) ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗುತ್ತದೆ. ಸೋಷಿಯಲ್ ವರ್ಕರ್ ಬದಲಾಗುತ್ತಾರೆ. ಚಿಕ್ಕಂದಿನಿಂದ ನೋಡುತ್ತಿದ್ದ ಮಕ್ಕಳ ಡಾಕ್ಟರು ಜಿಪಿಗೆ, ಅಂದರೆ ಕುಟುಂಬ ವೈದ್ಯರಿಗೆ, ಒಪ್ಪಿಸಿ ಕೈಬಿಡುತ್ತಾರೆ. ಮುಂದೆ ಅವನ ಹಗಲು ಎಲ್ಲಿ, ರಾತ್ರಿ ಎಲ್ಲಿ, ಜೊತೆಗೆ ಯಾರು ಅನ್ನುವುದನ್ನೆಲ್ಲ ಹೊಸದಾಗಿ ತೀರ್ಮಾನಿಸಬೇಕು.

ನಾವು ಡೇ ಸೆಂಟರ್ (ಹಗಲು ಹೋಗಿಬರುವ ಕೇಂದ್ರ), ಡೈರೆಕ್ಟ್ ಪೇಮೆಂಟ್ (ಕೌನ್ಸಿಲ್ ಕೊಡುವ ಹಣದಲ್ಲಿ ನಾವೇ ಸಹಾಯಕರನ್ನು ಇಟ್ಟುಕೊಳ್ಳುವುದು), ಶೇರ್ಡ್ ಲೈವ್ಸ್ (ಇನ್ನೊಂದು ಕುಟುಂಬದ ಜೊತೆ ಅವರ ಮನೆಯಲ್ಲಿ ಇರುವುದು) ಮೂರನ್ನೂ ಬಳಸಿ ನೋಡಿದ್ದೇವೆ. ನಾಲ್ಕನೆಯದಾದ ಸಪೋರ್ಟೆಡ್ ಲಿವಿಂಗ್ (ತನ್ನದೇ ಬಾಡಿಗೆಯ ಮನೆ, ಜೊತೆಗೆ ಆರೈಕೆಯ ಸಿಬ್ಬಂದಿ) ಮನೆಗಳಲ್ಲಿ ಮಗ ರಾತ್ರಿ ತಂಗಿ ಬಂದಿದ್ದಾನೆ. ಇಲ್ಲಿನ ಕನ್ನಡದ ಅಪ್ಪಅಮ್ಮಂದಿರು ಫೋನ್ ಮಾಡಿ ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿದ್ದುಕೊಂಡು ಡೈರೆಕ್ಟ್ ಪೇಮೆಂಟಿನಿಂದ ಶುರು ಮಾಡಿ. ಮನೆ ಬಿಟ್ಟು ಇರುವ ಅಭ್ಯಾಸಕ್ಕೆ ಶೇರ್ಡ್ ಲೈವ್ಸ್ ಬಳಸಿ. ಕೊನೆಗೆ ಸಪೋರ್ಟೆಡ್ ಲಿವಿಂಗಿಗೆ ಹೋಗಿ. ಅದೂ ನೀವು ಗಟ್ಟಿಯಾಗಿರುವಾಗಲೇ. ನಾನು ಅಳೆದದ್ದು ಒಂದೇ ಅಳತೆಯಿಂದ: ಸಂಜೆ ಹೊತ್ತು ಅವನ ಪಕ್ಕದಲ್ಲಿ ಯಾರಿರುತ್ತಾರೆ, ಮುಂದಿನ ತಿಂಗಳೂ ಅವರೇ ಇರುತ್ತಾರಾ?

ಹೋಲಿಸುವ ಮೊದಲು ಕಾನೂನಿನ ಎರಡು ಮಾತು. ಇಎಚ್‌ಸಿ ಪ್ಲಾನ್ (ಓದು, ಆರೋಗ್ಯ, ಆರೈಕೆಗೆ ಏನೇನು ನೆರವು ಬೇಕು ಅಂತ ಬರೆದಿಡುವ ಕೌನ್ಸಿಲಿನ ದಾಖಲೆ) 25ರವರೆಗೆ ಇರಬಹುದು, ಆದರೆ ಅದು ಓದು, ತರಬೇತಿ ನಡೆಯುತ್ತಿದ್ದರೆ ಮಾತ್ರ. ಆರೈಕೆಯ ಜವಾಬ್ದಾರಿ 18ಕ್ಕೇ ಬದಲಾಗುತ್ತದೆ. ಇದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಒಂಬತ್ತನೇ ವರ್ಷದ ತರಗತಿಯಿಂದಲೇ, ಅಂದರೆ 13-14ರ ವಯಸ್ಸಿನಲ್ಲೇ, ಪ್ರತಿ ವಾರ್ಷಿಕ ಸಭೆಯಲ್ಲಿ ದೊಡ್ಡವನಾದ ಮೇಲಿನ ಬದುಕಿನ ಮಾತು ಬರಬೇಕು. 2014ರ ಕೇರ್ ಆಕ್ಟ್ ಪ್ರಕಾರ 18 ತುಂಬುವ ಮೊದಲೇ ಟ್ರಾನ್ಸಿಷನ್ ಅಸೆಸ್‌ಮೆಂಟ್, ಅಂದರೆ ದೊಡ್ಡವನಾದ ಮೇಲೆ ಯಾವ ಆರೈಕೆ ಬೇಕು ಅನ್ನುವ ಪರಿಶೀಲನೆ, ಕೇಳಬಹುದು. ಅದು ಮುಗಿದು ತೀರ್ಮಾನ ಆಗುವವರೆಗೆ, ಈಗ ಸಿಗುತ್ತಿರುವ ನೆರವನ್ನು ಹುಟ್ಟುಹಬ್ಬ ಬಂತು ಅಂತ ಸುಮ್ನೆ ನಿಲ್ಲಿಸುವ ಹಾಗಿಲ್ಲ. ನಮ್ಮ ಕೌನ್ಸಿಲ್ ಇದನ್ನು ತಾನಾಗಿ ಹೇಳಲಿಲ್ಲ. ಇಮೇಲಿನಲ್ಲಿ ಬರೆದು ಕೇಳಿದ ಮೇಲೆ ಕೆಲಸ ಸಾಗಿತು. ನೀವೂ ಬರವಣಿಗೆಯಲ್ಲೇ ಕೇಳಿ.

ಇನ್ನು 2005ರ ಮೆಂಟಲ್ ಕೆಪಾಸಿಟಿ ಆಕ್ಟ್, ತನ್ನ ತೀರ್ಮಾನ ತಾನೇ ಮಾಡುವ ಶಕ್ತಿಯ ಬಗೆಗಿನ ಕಾನೂನು. 16ರಿಂದಲೇ ಅದು ಅವನಿಗೂ ಅನ್ವಯಿಸುತ್ತದೆ. ಅಮ್ಮ ಅನ್ನುವ ಕಾರಣಕ್ಕೆ ಎಲ್ಲದಕ್ಕೂ ನಾನು ಸಹಿ ಹಾಕುವಂತಿಲ್ಲ. ಆಯಾ ವಿಷಯ ಅವನಿಗೆ ಅರ್ಥವಾಗುತ್ತದಾ ಅಂತ ನೋಡಬೇಕು, ಅರ್ಥವಾದರೆ ಅವನ ಮಾತೇ ಕೊನೆ. ಅರ್ಥವಾಗದಿದ್ದರೂ ಅವನ ಇಷ್ಟವೇನು ಅಂತ ಕೇಳಿಯೇ ಅವನ ಹಿತ ನೋಡಿ ತೀರ್ಮಾನಿಸಬೇಕು. ನಮ್ಮ ಮನೆಗಳಲ್ಲಿ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಆದರೆ ಈ ಕಾನೂನಿನಿಂದ ಅವನಿಗೆ ಒಳ್ಳೆಯದೇ ಆಗಿದೆ.

ಡೇ ಸೆಂಟರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಿನಿಬಸ್ ಬಂದು ಕರೆದುಕೊಂಡು ಹೋಗುತ್ತಿತ್ತು, ಹಾಡು, ಅಡುಗೆ, ಗೆಳೆಯರು ಎಲ್ಲ ಇದ್ದರು. ಮಗನಿಗೆ ಇಷ್ಟವಾಗಿತ್ತು. ಹಾಯ್ಸ್ಟ್ (ಎತ್ತಿ ಕೂರಿಸುವ ಯಂತ್ರ) ಬೇಕಾದವರಿಗೆ, ಜಾಸ್ತಿ ದೈಹಿಕ ಆರೈಕೆ ಬೇಕಾದವರಿಗೆ ಅಲ್ಲಿರುವಷ್ಟು ಅನುಕೂಲ ಬೇರೆಡೆ ಸಿಗುವುದು ಕಷ್ಟ. ಆದರೆ ಮಧ್ಯಾಹ್ನ ಕಳೆಯುತ್ತಿದ್ದಂತೆ ಮನೆಗೆ ಕಳಿಸಿಬಿಡುತ್ತಾರೆ. ಸಂಜೆ, ಶನಿವಾರ, ಭಾನುವಾರ ಖಾಲಿ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದೊಂದರಿಂದ ಸಾಗುವುದಿಲ್ಲ. 2010ರ ನಂತರದ ಖರ್ಚು ಕಡಿತದಲ್ಲಿ ಇಂಥ ಸೆಂಟರುಗಳು ಎಷ್ಟೋ ಮುಚ್ಚಿಹೋದವು, ಹತ್ತಿರದಲ್ಲಿ ಒಂದು ಉಳಿದಿದ್ದರೆ ಅದೇ ಪುಣ್ಯ.

ಡೈರೆಕ್ಟ್ ಪೇಮೆಂಟ್ ಅಂದರೆ ಕೌನ್ಸಿಲ್ ಅವನ ಆರೈಕೆಗೆ ಇಷ್ಟು ಹಣ ಅಂತ ಲೆಕ್ಕ ಹಾಕಿ ಬೇರೆ ಖಾತೆಗೆ ಹಾಕುತ್ತದೆ, ಆ ಹಣದಲ್ಲಿ ನಾವೇ ಪಿಎ, ಅಂದರೆ ಅವನ ಜೊತೆಗಿರುವ ಸಹಾಯಕರನ್ನು, ಇಟ್ಟುಕೊಳ್ಳಬೇಕು. ನಮಗೆ ಸಿಕ್ಕ ಮೊದಲ ಪಿಎ ಇಲ್ಲಿಗೆ ಓದಲು ಬಂದಿದ್ದ ಕನ್ನಡದ ಹುಡುಗ. ಸ್ಟೂಡೆಂಟ್ ವೀಸಾ, ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿ. ಆ ಗಂಟೆಗಳಲ್ಲಿ ಮಗ ಬಸ್ಸಿನಲ್ಲಿ ಹೋಗಿ ಬರುವುದು ಕಲಿತ, ಅಂಗಡಿಯಲ್ಲಿ ದುಡ್ಡು ಕೊಟ್ಟು ಚಿಲ್ಲರೆ ಕಾಯುವುದು ಕಲಿತ. ಹೊಟ್ಟೆ ನೋವು ಬಂದರೆ, ಹೆದರಿಕೆಯಾದರೆ ನಮ್ಮವನು ಕನ್ನಡದಲ್ಲೇ ಹೇಳುವುದು. ಅದು ತಕ್ಷಣ ತಿಳಿಯುವ ಒಬ್ಬರು ಜೊತೆಗಿದ್ದಾರೆ ಅನ್ನುವುದು ನನಗೆ ಎಷ್ಟು ಧೈರ್ಯ ಕೊಟ್ಟಿತು!

ತೊಂದರೆಗಳೂ ಇವೆ. ಕಾಗದದ ಮೇಲೆ ಕೆಲಸ ಕೊಟ್ಟವರು ನೀವು. ಸಂಬಳದ ಚೀಟಿ, ತೆರಿಗೆ, ರಜೆಯ ಸಂಬಳ, ವಿಮೆ, ಅನ್ವಯಿಸಿದರೆ ಪೆನ್ಷನ್, ಎಲ್ಲ ನಿಮ್ಮ ತಲೆ ಮೇಲೆ. ಸಂಬಳದ ಲೆಕ್ಕ ನೋಡಿಕೊಳ್ಳುವ ಪೇರೋಲ್ ಸೇವೆಗೆ ಬೇಕಾದ ಹಣವನ್ನೂ ಬಜೆಟ್ಟಿನಲ್ಲಿ ಸೇರಿಸಿ ಅಂತ ಕೇಳಿ, ಕೊಡುತ್ತಾರೆ. ಪಿಎಗೆ ಜ್ವರ ಬಂದರೆ ಆ ದಿನ ನಿಮ್ಮ ರಜೆ ಖರ್ಚು. ಒಂದೇ ಮನೆಯಲ್ಲಿರುವ ಅಪ್ಪ, ಅಮ್ಮ, ಅಕ್ಕ, ಅಣ್ಣನಿಗೆ ಆ ಹಣದಲ್ಲಿ ಸಂಬಳ ಕೊಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಮತ್ತೆ ಆ ಹುಡುಗ ಓದು ಮುಗಿಸಿ ಹೋದಾಗ ಮಗ ತುಂಬ ದಿನ ಬಾಗಿಲು ನೋಡುತ್ತಿದ್ದ. ಅದಕ್ಕೇ ಈಗ ಇಬ್ಬರು ಪಿಎಗಳನ್ನು ಇಟ್ಟುಕೊಂಡಿದ್ದೇವೆ, ಗಂಟೆ ಹಂಚಿ.

ಶೇರ್ಡ್ ಲೈವ್ಸ್ ಬಗ್ಗೆ ಹೇಳಿದಾಗ ಮೈಸೂರಿನಲ್ಲಿರುವ ನಮ್ಮ ಅತ್ತೆ ಫೋನಿನಲ್ಲೇ ಕಣ್ಣೀರು ಹಾಕಿದರು. "ನಾವೆಲ್ಲ ಇರುವಾಗ ಮಗೂನ ಇನ್ನೊಬ್ಬರ ಮನೆಗೆ ಯಾಕಮ್ಮ ಬಿಡಬೇಕು?" ಅವರ ನೋವು ನನಗೆ ಅರ್ಥವಾಗುತ್ತದೆ. ಇದರಲ್ಲಿ ಪರೀಕ್ಷಿಸಿ ಒಪ್ಪಿದ ಒಂದು ಕುಟುಂಬದ ಜೊತೆ ನಮ್ಮ ಮಗ ಇರುತ್ತಾನೆ, ಅವರ ಮನೆಯಲ್ಲಿ, ಮನೆಯವನ ಹಾಗೆ. ಪೂರ್ತಿ ಅಲ್ಲೇ ವಾಸ ಮಾಡಬಹುದು. ಹಗಲಿಗೆ ಮಾತ್ರ, ಇಲ್ಲವೇ ವಾರಾಂತ್ಯಕ್ಕೆ ಮಾತ್ರವೂ ಹೋಗಿಬರಬಹುದು. ನಾವು ವಾರಾಂತ್ಯ ಆರಿಸಿಕೊಂಡೆವು. ಆ ಮನೆಯವರು ನಿವೃತ್ತ ದಂಪತಿ. ಅವನಿಂದ ಮೇಜು ಹಾಕಿಸುತ್ತಾರೆ, ನಾಯಿ ಕರೆದುಕೊಂಡು ಹೋಗಲು ಹೇಳುತ್ತಾರೆ. ನಾವು ಮಾಂಸ ತಿನ್ನುವುದಿಲ್ಲ ಅಂದಾಗ ಬೇರೆ ಪಾತ್ರೆ ತೆಗೆದಿಟ್ಟರು. ಮೊಸರನ್ನ ಕಲಸುವುದನ್ನು ನನ್ನ ಹತ್ತಿರ ಕೇಳಿ ಬರೆದುಕೊಂಡರು. ಪ್ರತಿ ಸಲವೂ ಅದೇ ಮುಖ, ಅದೇ ಕೋಣೆ. ಸಂಜೆಯ ಪ್ರಶ್ನೆಗೆ ಇಷ್ಟು ಒಳ್ಳೆಯ ಉತ್ತರ ಬೇರೆಲ್ಲೂ ಸಿಗಲಿಲ್ಲ.

ಕೊರತೆ ಏನೆಂದರೆ ಇಂಥ ಮನೆಗಳೇ ಕಡಿಮೆ. ಹೊಂದಾಣಿಕೆಯಾಗುವ ಮನೆ ಸಿಗುವವರೆಗೆ ತುಂಬ ಕಾಯಬೇಕು. ನಮ್ಮ ಸ್ಕೀಮಿನಲ್ಲಿ ಭಾರತೀಯರ ಮನೆ ಒಂದೂ ಇರಲಿಲ್ಲ. ಮಕ್ಕಳು ಓದಿ ಬೇರೆ ಊರಿಗೆ ಹೋಗಿ, ಕೋಣೆ ಖಾಲಿ ಬಿದ್ದಿರುವ ಕನ್ನಡದ ಮನೆಗಳು ಇಲ್ಲಿ ಎಷ್ಟಿವೆ! ಈ ಕೆಲಸಕ್ಕೆ ತರಬೇತಿ ಕೊಡುತ್ತಾರೆ, ಹಣವನ್ನೂ ಕೊಡುತ್ತಾರೆ. ದಯವಿಟ್ಟು ಯೋಚನೆ ಮಾಡಿ.

ಸಪೋರ್ಟೆಡ್ ಲಿವಿಂಗಿನಲ್ಲಿ ಮಗನೇ ಬಾಡಿಗೆದಾರ. ಕರಾರು ಅವನ ಹೆಸರಲ್ಲಿ, ಬೀಗದ ಕೈ ಅವನ ಜೇಬಿನಲ್ಲಿ, ಬಾಡಿಗೆಗೆ ಹೌಸಿಂಗ್ ಬೆನಿಫಿಟ್ ಅನ್ನುವ ಸರ್ಕಾರಿ ನೆರವು. ಆರೈಕೆಯ ಸಿಬ್ಬಂದಿ ಬೇರೆ ಸಂಸ್ಥೆಯವರು. ಕೇರ್ ಹೋಮಿನಲ್ಲಿ ಮನೆ, ಆರೈಕೆ ಎರಡೂ ಒಬ್ಬರದೇ ಆದ್ದರಿಂದ, ಆರೈಕೆ ಸರಿಯಿಲ್ಲದಿದ್ದರೆ ಮನೆಯನ್ನೇ ಬಿಡಬೇಕು. ಇಲ್ಲಿ ಆರೈಕೆಯವರನ್ನು ಬದಲಿಸಿ ಮನೆ ಉಳಿಸಿಕೊಳ್ಳುವ ದಾರಿ ಇದೆ. ಹಾಗಂತ ಕರಾರಿನಲ್ಲಿ ಬರೆದಿದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಎರಡು ಮನೆ ನೋಡಿದೆವು. ಮೊದಲನೆಯದು ಹೊಸ ಕಟ್ಟಡ, ಚೆಂದದ ಅಡುಗೆಮನೆ. ಬೆಳಿಗ್ಗೆ ಮ್ಯಾನೇಜರ್ ತೋರಿಸಿದಾಗ ಎಲ್ಲ ಸರಿಯಿತ್ತು. ಸಂಜೆ ಹೋದರೆ ಏಜೆನ್ಸಿಯಿಂದ ಆ ದಿನಕ್ಕೆ ಬಂದವರು, ಹುಡುಗರ ಹೆಸರು ಹಾಳೆ ನೋಡಿ ಹೇಳುತ್ತಿದ್ದರು. ಎಲ್ಲರೂ ಟಿವಿ ಮುಂದೆ. ಎರಡನೆಯದು ಹಳೆಯ ಮನೆ, ಮೆಟ್ಟಿಲು ಸ್ವಲ್ಪ ಕಿರಿದು. ಆದರೆ ಸಿಬ್ಬಂದಿ ವರ್ಷಗಳಿಂದ ಅವರೇ. ರಾತ್ರಿ ಊಟಕ್ಕೆ ಏನು ಅಂತ ಹುಡುಗರೇ ಜಗಳವಾಡಿ ತೀರ್ಮಾನಿಸಿದರು. ನಮ್ಮವನು ಪಾಸ್ತಾ ಗೆಲ್ಲಿಸಿದ! ನನಗೆ ಅಲ್ಲೇ ಮನಸ್ಸು ಗಟ್ಟಿಯಾಯಿತು. ನೋಡಲು ಹೋಗುವುದಾದರೆ ಸಂಜೆ ಆರರ ಮೇಲೆ ಹೋಗಿ. ಭಾನುವಾರ ರಾತ್ರಿ ಯಾರಿರುತ್ತಾರೆ, ಏಜೆನ್ಸಿಯವರು ಎಷ್ಟು ಪಾಳಿ ಮಾಡುತ್ತಾರೆ ಅಂತ ಕೇಳಿ.

ಹಣದ ವಿಷಯ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ. ಕೌನ್ಸಿಲ್ ನೋಡುವುದು ಅವನ ಆದಾಯ, ಅವನ ಉಳಿತಾಯ. ಅಪ್ಪಅಮ್ಮನ ಸಂಬಳ ಲೆಕ್ಕಕ್ಕಿಲ್ಲ. ಅವನ ಹೆಸರಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಇದ್ದರೆ ಆರೈಕೆಯ ಪೂರ್ತಿ ಖರ್ಚು ಅವನದೇ ಆಗಬಹುದು. ಅಜ್ಜ ಅಜ್ಜಿ ಪ್ರೀತಿಯಿಂದ ಊರಿನಲ್ಲಿ ಮೊಮ್ಮಗನ ಹೆಸರಿಗೆ ಎಫ್‌ಡಿ ಮಾಡುತ್ತಾರೆ, ಅಲ್ವಾ? ಅದೂ ಲೆಕ್ಕಕ್ಕೆ ಬರಬಹುದು. ಅವನ ಹೆಸರಿಗೆ ಹಾಕುವ ಬದಲು ಟ್ರಸ್ಟ್ ಮಾಡುವ ಬಗ್ಗೆ ಮೊದಲೇ ಸಾಲಿಸಿಟರ್ (ವಕೀಲರ) ಹತ್ತಿರ ಮಾತಾಡಿ.

ಇನ್ನೂ ವೀಸಾದ ಮೇಲಿರುವವರಿಗೆ: 'ಸಾರ್ವಜನಿಕ ನಿಧಿ ಇಲ್ಲ' ಅನ್ನುವ ಷರತ್ತಿದ್ದರೆ ಪಿಪ್ (ಅಂಗವೈಕಲ್ಯಕ್ಕೆ ಸರ್ಕಾರ ಕೊಡುವ ಭತ್ಯೆ), ಹೌಸಿಂಗ್ ಬೆನಿಫಿಟ್ ಸಿಗುವುದಿಲ್ಲ, ಆದ್ದರಿಂದ ಸಪೋರ್ಟೆಡ್ ಲಿವಿಂಗ್ ಕಷ್ಟ. ಆದರೆ ಕೇರ್ ಆಕ್ಟ್ ಪ್ರಕಾರದ ಆರೈಕೆ ಆ ನಿಧಿಗಳ ಪಟ್ಟಿಯಲ್ಲಿಲ್ಲ. ಅಸೆಸ್‌ಮೆಂಟ್ ಕೇಳಲು ಹೆದರಬೇಡಿ.

ಸದ್ಯಕ್ಕೆ ನಮ್ಮಲ್ಲಿ ವಾರವೆಲ್ಲ ಕಾಲೇಜು ಮತ್ತು ಪಿಎ, ಕೆಲವು ವಾರಾಂತ್ಯ ಶೇರ್ಡ್ ಲೈವ್ಸ್. ಆ ಎರಡನೆಯ ಮನೆಗೆ ಮಗನ ಹೆಸರು ಕೊಟ್ಟಿದ್ದೇವೆ. ಕೋಣೆ ಖಾಲಿಯಾದಾಗ ಮೊದಲ ಕೆಲವು ವಾರ ಈಗಿನ ಪಿಎಗಳೂ ಅಲ್ಲಿಗೆ ಬಂದು ಹೊಸ ಸಿಬ್ಬಂದಿಯ ಜೊತೆ ಇರಬೇಕು ಅಂತ ಸಪೋರ್ಟ್ ಪ್ಲಾನಿನಲ್ಲಿ ಬರೆಸಿದ್ದೇವೆ.