ಉರಿಮೂತ್ರಕ್ಕೆ ಯಾವ ಪರೀಕ್ಷೆ ನಂಬಬೇಕು? ಸ್ಟ್ರಿಪ್, ರೊಟೀನ್, ಕಲ್ಚರ್

ಎರಡು ವರ್ಷದಲ್ಲಿ ನಾಲ್ಕು ಸಲ ಉರಿಮೂತ್ರ ಅನುಭವಿಸಿದ್ದೇನೆ. ಹಾಗಾಗಿ ಮೂರೂ ಪರೀಕ್ಷೆ ಮಾಡಿ ನೋಡಿದ್ದಾಯಿತು: ಮನೆಯಲ್ಲೇ ಅದ್ದಿ ನೋಡುವ ಸ್ಟ್ರಿಪ್, ಲ್ಯಾಬಿನ ಯೂರಿನ್ ರೊಟೀನ್, ಆಮೇಲೆ ಕಲ್ಚರ್, ಅಂದರೆ ಮೂತ್ರದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವುದು.

ಸ್ಟ್ರಿಪ್‌ನ ಮೇಲೆ ಬಣ್ಣ ತಿರುಗುವ ಚೌಕಗಳಿರುತ್ತವೆ, ಈ ಕಾಯಿಲೆಗೆ ಮುಖ್ಯವಾದವು ಎರಡೇ. ನನ್ನ ಡಬ್ಬಿಯ ಪ್ರಕಾರ ನೈಟ್ರೈಟ್ ಚೌಕವನ್ನು 60 ಸೆಕೆಂಡಿಗೆ ನೋಡಬೇಕು, ಲ್ಯೂಕೋಸೈಟ್ (ಬಿಳಿ ರಕ್ತಕಣ) ಚೌಕವನ್ನು 2 ನಿಮಿಷಕ್ಕೆ. ಮೊದಲ ಸಲ ಬೆಳಗಿನ ಮೂತ್ರಕ್ಕೆ ಅದ್ದಿದೆ. ನೈಟ್ರೈಟ್ ಚೌಕ ಗುಲಾಬಿ ಬಣ್ಣಕ್ಕೆ ತಿರುಗಿತು, ಕಲ್ಚರ್‌ನಲ್ಲೂ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಬಂತು. ಎರಡನೇ ಸಲ ಉರಿ ಇನ್ನೂ ಜಾಸ್ತಿ, ಆದರೆ ಚೌಕ ಬೆಳ್ಳಗೇ ಉಳಿಯಿತು. ಸೋಂಕಿಲ್ಲ ಅಂದುಕೊಂಡು ಎರಡು ದಿನ ಬಾರ್ಲಿ ನೀರು ಕುಡಿದೆ. ಮೂರನೇ ದಿನ ಚಳಿಜ್ವರ.

ಯಾಕೆ ಹೀಗಾಯಿತು ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಮೂತ್ರದ ನೈಟ್ರೇಟನ್ನು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಬೇಕಾದರೆ ಮೂತ್ರ ಚೀಲದಲ್ಲಿ ಸುಮಾರು 4 ಗಂಟೆ ನಿಲ್ಲಬೇಕು. ಉರಿ ಇದ್ದಾಗ ಹತ್ತು ನಿಮಿಷಕ್ಕೊಮ್ಮೆ ಬಚ್ಚಲಿಗೆ ಓಡುತ್ತೇವೆ, ಅಲ್ವಾ? ಎಂಟರೋಕಾಕಸ್‌ನಂಥ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುವುದೇ ಇಲ್ಲ. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗಿದ್ದರೂ ಬಣ್ಣ ಬರದೇ ಇರಬಹುದು. ಉರಿ ಇದ್ದು ಚೌಕ ಗುಲಾಬಿಯಾದರೆ ನಾನು ನಂಬುತ್ತೇನೆ. ಬೆಳ್ಳಗಿದ್ದರೆ ನಂಬುವುದಿಲ್ಲ.

ರೊಟೀನ್ ಅದೇ ದಿನ ಸಿಗುತ್ತದೆ. ಪಸ್ ಸೆಲ್ಸ್ (ಕೀವಿನ ಕಣ, ಅಂದರೆ ಅದೇ ಬಿಳಿ ರಕ್ತಕಣ) ಎಷ್ಟಿವೆ ಅಂತ ಹೇಳುತ್ತದೆ, ಯಾವ ರೋಗಾಣು ಅಂತ ಹೇಳುವುದಿಲ್ಲ. ಒಮ್ಮೆ ನನ್ನ ರಿಪೋರ್ಟಿನಲ್ಲಿ ಪಸ್ ಸೆಲ್ಸ್ 10–12, ಜೊತೆಗೆ ಎಪಿಥೀಲಿಯಲ್ ಸೆಲ್ಸ್ (ಮೇಲ್ಪದರದಿಂದ ಉದುರುವ ಕಣ) ಕೂಡ ಜಾಸ್ತಿ. ಅಂದರೆ ಚರ್ಮದ ಕೊಳೆಯೂ ಬಿಳಿಸ್ರಾವವೂ ಬಾಟಲಿಗೆ ಸೇರಿತ್ತು. ಮತ್ತೆ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಹಿಡಿದು ಕೊಟ್ಟೆ. 2–3ಕ್ಕೆ ಇಳಿಯಿತು!

ಕಲ್ಚರ್ ಬರಲು ಎರಡು ದಿನ ಬೇಕು, ದುಡ್ಡೂ ಜಾಸ್ತಿ. ಆದರೂ ನನ್ನ ಒಲವು ಇದಕ್ಕೇ. ಯಾವ ಔಷಧಿಗೆ ರೋಗಾಣು ಬಗ್ಗುತ್ತದೆ ಅಂತ ಇದರ ರಿಪೋರ್ಟು ಹೇಳುತ್ತದೆ. ನಾನು ಸುಮ್ನೆ ಮೆಡಿಕಲ್‌ನಲ್ಲಿ ತಂದು ನುಂಗುತ್ತಿದ್ದ ಸಿಪ್ರೋಫ್ಲಾಕ್ಸಾಸಿನ್ ಮುಂದೆ 'ಆರ್' ಅಂತಿತ್ತು, ಅಂದರೆ ಆ ಔಷಧಿಗೆ ರೋಗಾಣು ಬಗ್ಗುವುದಿಲ್ಲ. ನೈಟ್ರೋಫ್ಯುರಾಂಟಾಯಿನ್ ಮುಂದೆ 'ಎಸ್', ಅಂದರೆ ಇದಕ್ಕೆ ಬಗ್ಗುತ್ತದೆ. ಯಾವ ಸ್ಟ್ರಿಪ್ಪೂ ಇದನ್ನು ಹೇಳಲಾರದು.

ನಮ್ಮತ್ತೆಗೆ 74. ಒಮ್ಮೆ ಅವರ ಮೂತ್ರಕ್ಕೂ ಅದ್ದಿ ನೋಡಿದೆ, ಎರಡೂ ಚೌಕ ಬಣ್ಣ ತಿರುಗಿದವು. ಅವರಿಗೆ ಉರಿಯಿಲ್ಲ, ಜ್ವರವಿಲ್ಲ. ಡಾಕ್ಟರ್ ಆಂಟಿಬಯೋಟಿಕ್ ಕೊಡಲಿಲ್ಲ. ವಯಸ್ಸಾದವರ ಮೂತ್ರದಲ್ಲಿ ಕಾಯಿಲೆ ಇಲ್ಲದೆಯೂ ಬ್ಯಾಕ್ಟೀರಿಯಾ ಇರುವುದು ಮಾಮೂಲಿಯಂತೆ. 65 ದಾಟಿದವರಿಗೆ ಸ್ಟ್ರಿಪ್ ನೋಡಿ ಸೋಂಕು ಅಂತ ತೀರ್ಮಾನಿಸಬೇಡಿ ಎಂದು ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿಯೂ ಹೇಳುತ್ತದೆ. ಅವರಿಗೆ ಈಗ ಸ್ಟ್ರಿಪ್ ಹಾಕುವುದಿಲ್ಲ.

ನನಗೆ ಉರಿ ಶುರುವಾದರೆ ಮೊದಲ ಮಾತ್ರೆಗೂ ಮುಂಚೆ ಕಲ್ಚರ್‌ಗೆ ಕೊಡುತ್ತೇನೆ. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಲಾಗದಿದ್ದರೆ ಬಾಟಲಿಯನ್ನು ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುತ್ತೇನೆ.